ಕಾಲು ನಮ್ಮೂರಿನದು, ಮುಖ ಬೆಂಗಳೂರಿನದು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ‘ತಿಥಿ’ ಚಿತ್ರವನ್ನು ನೆನೆದು ಬಂದ ಬರಹವನ್ನು ಮೆಚ್ಚಿಕೊಂಡೇ ಓದುತ್ತಿದ್ದೆ. ಒಂದು ಸಾಲಿನ ಬಳಿ ಬಂದು ಕನ್ನಡಕ ತೆಗೆದು ಕೆಳಗಿಟ್ಟೆ. ಚಿತ್ರದಲ್ಲಿ ಪಾತ್ರ ಮಾಡಿದ ಹಳ್ಳಿಗರು ನಟಿಸಲೇ ಇಲ್ಲ, ಕ್ಯಾಮೆರಾದ ಎದುರು ಸುಮ್ಮನೆ ಬದುಕಿದರು ಎಂಬರ್ಥದ ಸಾಲು ಅದು. ಬರೆದವರು ಹೊಗಳಿಕೆಯೆಂದೇ ಬರೆದಿರಬೇಕು. ನಲವತ್ತು ವರ್ಷಗಳಿಂದ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಯಂಗಳಗಳಲ್ಲಿ ಹವ್ಯಾಸಕ್ಕೆ ತಾಳಮದ್ದಲೆಯ ಅರ್ಥ ಹೇಳಿಕೊಂಡು, ಅಂದರೆ ಯಕ್ಷಗಾನದ ವೇಷ, ಕುಣಿತವಿಲ್ಲದೆ ಕೂತಲ್ಲೇ ಮಾತಿನಿಂದ ಪಾತ್ರ ಕಟ್ಟಿಕೊಂಡು ಬಂದ ನನಗೆ ಹಾಗೆ ಕೇಳಿಸಲಿಲ್ಲ.

ನಾನು ‘ತಿಥಿ’ ನೋಡಿದ್ದು 2016ರ ಮೇ ತಿಂಗಳಲ್ಲಿ, ಬೆಂಗಳೂರಿನ ಮಗಳ ಮನೆಗೆ ಹೋಗಿದ್ದಾಗ. ಮೊದಲ ಹತ್ತು ನಿಮಿಷ ಮಂಡ್ಯದ ಮಾತು ನಮ್ಮ ಘಟ್ಟದ ಕಿವಿಗೆ ಅರ್ಧವೂ ಹತ್ತಲಿಲ್ಲ. ತೆರೆಯ ಕೆಳಗಿನ ಇಂಗ್ಲಿಷ್ ಸಾಲು ಓದಿ ಕನ್ನಡ ತಿಳಿದುಕೊಂಡೆ ಎಂದರೆ ನಗಬೇಡಿ. ಆಮೇಲೆ ಕಿವಿ ಪಳಗಿತು. ಹೋಗಿ ಬರುವವರನ್ನೆಲ್ಲ ಬೈಯುತ್ತ ಕೂತಿದ್ದ ಸೆಂಚುರಿ ಗೌಡ ಸತ್ತು, ಹನ್ನೊಂದನೆಯ ದಿನದ ತಿಥಿ ಮುಗಿಯುವುದರೊಳಗೆ ನಾನು ಆ ಊರಿನ ನೆಂಟನೇ ಆಗಿಬಿಟ್ಟಿದ್ದೆ. ಬದುಕಿರುವ ಅಪ್ಪ ಗಡ್ಡಪ್ಪನ ಮರಣಪತ್ರ ಮಾಡಿಸಿ ಜಮೀನು ಮಾರಲು ಓಡಾಡುವ ಆ ಮೊಮ್ಮಗ ತಮ್ಮಣ್ಣನಂಥವರು ನಮ್ಮಲ್ಲೂ ಇದ್ದಾರೆ. ಇಲ್ಲಿ ಹೊಲದ ಬದಲು ತೋಟ, ಅಷ್ಟೇ.

ನಿರ್ದೇಶಕ ರಾಮ್ ರೆಡ್ಡಿಯವರ ಹೆಸರು ಎಲ್ಲರಿಗೂ ಗೊತ್ತು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಬಂದ ಚಿನ್ನದ ಚಿರತೆ ಪ್ರಶಸ್ತಿ, ಆಮೇಲಿನ ರಾಷ್ಟ್ರಪ್ರಶಸ್ತಿ ಎಲ್ಲವನ್ನೂ ನಿಮ್ಮ ಬರಹ ಹೇಳಿದೆ. ಈರೇಗೌಡರ ಹೆಸರು ಮಾತ್ರ ಒಂದೇ ಕಡೆ, ಅದೂ ಬರವಣಿಗೆಯಲ್ಲಿ ಜೊತೆಯಾದವರು ಎಂದು. ಪಾತ್ರಕ್ಕೆ ಜನರನ್ನು ಹುಡುಕಿದವರೂ ಅವರೇ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಅವರಿಗೆ ಚಿತ್ರೀಕರಣದ ತಾಣವಲ್ಲ, ಸ್ವಂತ ಊರು. ಯಾವ ಜಗಲಿಯಲ್ಲಿ ಯಾರು ಕೂರುತ್ತಾರೆ, ಯಾರ ಬಾಯಿ ಹರಿತ, ಯಾರು ಮಾತಿಲ್ಲದೆಯೇ ಊರು ಸುತ್ತುತ್ತಾರೆ ಎಂಬುದು ತಿಳಿದಿದ್ದವರಿಗಷ್ಟೇ ಸಿಂಗ್ರಿಗೌಡರಲ್ಲಿ ಸೆಂಚುರಿ ಗೌಡನೂ ಚನ್ನೇಗೌಡರಲ್ಲಿ ಗಡ್ಡಪ್ಪನೂ ಕಂಡಾರು.

ನಮ್ಮ ಸೀಮೆಯಲ್ಲಿ ತಾಳಮದ್ದಲೆಗೆ ಪಾತ್ರ ಹಂಚುವ ಹಿರಿಯರೊಬ್ಬರಿದ್ದರು. ತಾವು ಒಂದು ದಿನವೂ ಅರ್ಥ ಹೇಳಿದವರಲ್ಲ. ಒಂದು ಆಷಾಢದ ರಾತ್ರಿ ‘ವಾಲಿವಧೆ’. ನನಗೆ ರಾಮ. ವಾಲಿಯನ್ನು ಅವರು ಕೊಟ್ಟದ್ದು ಊರಿನಲ್ಲೇ ಅತ್ಯಂತ ಮೆತ್ತಗಿನ ಮನುಷ್ಯನಿಗೆ. ನಮಗೆಲ್ಲ ಆಶ್ಚರ್ಯ. ಆತನ ಮನೆ ಹಿಸ್ಸೆಯಾದಾಗ ನೀರಿನ ಬದಿಯ ತೋಟ ತಮ್ಮನ ಪಾಲಿಗೆ ಹೋಗಿತ್ತು. ಆ ಸಂಕಟವನ್ನು ಆತ ಯಾರ ಮುಂದೆಯೂ ಆಡಿರಲಿಲ್ಲ. ಅಂದು ಬಾಣ ನಾಟಿ ಬಿದ್ದ ವಾಲಿ ಸುಗ್ರೀವನ ಬಗ್ಗೆ ಆಡಿದ ಮಾತು ಕೇಳಿ ಪದ್ಯ ಹಾಡುವ ಭಾಗವತರೇ ಮುಂದಿನದನ್ನು ಎತ್ತಲು ಮರೆತರು. ಆತನ ತಮ್ಮ ಅಲ್ಲೇ ಕಂಬದ ಮರೆಯಲ್ಲಿ ಕೂತಿದ್ದ. ಬೆಳಗಿನ ಜಾವ ಮಂಗಳವಾಯಿತು. ವಾಲಿ ಎದ್ದು, ಕವಳದ ಹರಿವಾಣ ಹತ್ತಿರಕ್ಕೆ ಎಳೆದುಕೊಂಡು, ಅಡಿಕೆ ಕತ್ತರಿಸುತ್ತ ನನಗೆ ಹೇಳಿದ್ದು: “ಮರೆಯಲ್ಲಿ ನಿಂತು ಬಾಣ ಬಿಟ್ಟದ್ದಕ್ಕೆ ನಿನ್ನ ರಾಮನ ಹತ್ತಿರ ಉತ್ತರವೇ ಇರಲಿಲ್ಲವಲ್ಲ ಮಾರಾಯ!”

ವಾಲಿಯಾದವರು ರಾತ್ರಿಯಿಡೀ ತಮ್ಮ ಬದುಕನ್ನೇ ಹೇಳಿಕೊಂಡರೇ? ಇಲ್ಲ. ಬದುಕಿನಿಂದ ಬೇಕಾದಷ್ಟನ್ನು ತೆಗೆದು, ಪದ್ಯದ ಅಳತೆಗೆ ಕತ್ತರಿಸಿ, ವಾಲಿಯ ಬಾಯಿಗೆ ಕೊಟ್ಟರು. ಕುರಿಗಾಹಿಗಳ ಬಿಡಾರದಲ್ಲಿ ಬೆಂಕಿಯ ಮುಂದೆ ಕೂತು ಗಡ್ಡಪ್ಪ ತನ್ನ ಸಂಸಾರ ಕೆಟ್ಟ ಕಥೆ ಹೇಳುವುದು ನಿಮಗೆ ನೆನಪಿರಬಹುದು. ಅಲ್ಲಿಯವರೆಗೆ ಮೂರು ಮಾತಿಗೆ ಒಂದು ಮಾತು ಆಡುತ್ತಿದ್ದ ಮುದುಕ. ಆ ಮಾತಿನಲ್ಲಿ ದನಿ ಏರುವುದಿಲ್ಲ, ಕಣ್ಣು ಒದ್ದೆಯಾಗುವುದಿಲ್ಲ, ಇದು ದುಃಖದ ಕಥೆ ಎಂದು ಕೇಳುವವರಿಗೆ ಎಲ್ಲಿಯೂ ಸನ್ನೆ ಸಿಗುವುದಿಲ್ಲ. ಅಷ್ಟನ್ನು ತಡೆಹಿಡಿಯುವುದು ಎಷ್ಟು ಕಷ್ಟವೆಂದು ಅರ್ಥ ಹೇಳಿದವನಿಗೆ ಗೊತ್ತು. ನಾನಾಗಿದ್ದರೆ ಎರಡು ಸಲ ಗದ್ಗದನಾಗಿ, ಒಂದು ಶ್ಲೋಕವನ್ನೂ ಸೇರಿಸಿ ಕೆಡಿಸಿಬಿಡುತ್ತಿದ್ದೆ. ಸುಮ್ಮನೆ ಬದುಕುವವನಿಗೆ ಇದು ಬರುವುದಿಲ್ಲ.

ಆಮೇಲೆ ಅದೇ ಮುದುಕರನ್ನು ಹಾಕಿಕೊಂಡು ಬಂದ ಕೆಲವು ಚಿತ್ರಗಳನ್ನೂ ನೋಡಿದೆ. ಗಡ್ಡ ಅದೇ, ನಡಿಗೆ ಅದೇ. ಬಾಯಿಗೆ ತುರುಕಿದ್ದು ಚಪ್ಪಾಳೆಗಾಗಿ ಬರೆದ ಪೋಲಿ ಮಾತು. ಮನುಷ್ಯ ಸಿಕ್ಕಿದರೆ ಸಾಲದು, ಆತನಿಗೆ ಒಪ್ಪುವ ಪಾತ್ರವೂ ಸಿಗಬೇಕು. ಈರೇಗೌಡರು ತಾವೇ ನಿರ್ದೇಶಿಸಿದ ‘ಬಳೆಕೆಂಪ’ 2018ರಲ್ಲಿ ರಾಟರ್‌ಡ್ಯಾಮ್‌ ಚಿತ್ರೋತ್ಸವದಲ್ಲಿ ವಿಮರ್ಶಕರ ಪ್ರಶಸ್ತಿ ಪಡೆಯಿತು. ಆ ಕಣ್ಣು ಒಮ್ಮೆ ಆಕಸ್ಮಿಕವಾಗಿ ತೆರೆದದ್ದಲ್ಲ.

ಇಷ್ಟೆಲ್ಲ ಬರೆಯಲು ಇನ್ನೊಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ತೋಟವೊಂದಕ್ಕೆ ಸಿನಿಮಾ ತಂಡ ಬಂದಿತ್ತು. ಕಥೆಯಲ್ಲಿ ಒಬ್ಬ ಕೊನೆಗೌಡನಿದ್ದ, ಅಂದರೆ ಮರ ಹತ್ತಿ ಅಡಿಕೆಯ ಗೊನೆ ಇಳಿಸುವವನು. ನಮ್ಮ ಕೊನೆಗೌಡನನ್ನು ಕರೆದು ಮರ ಹತ್ತಿಸಿದರು. ಮರ ಹತ್ತಲು ತಳೆಯೆಂಬ ಬಳೆ ಹಾಕಿದ ಕಾಲುಗಳನ್ನು ಹತ್ತಿರದಿಂದ ಚಿತ್ರಿಸಿಕೊಂಡರು. ಮುಖಕ್ಕೆ ಬೆಂಗಳೂರಿನ ನಟ. ದನಿ ಆ ನಟನದ್ದೂ ಅಲ್ಲ, ಮೂರನೆಯವನದ್ದು. ಶಿರಸಿಯ ಅಡಿಕೆ ಮರದ ಮೇಲಿನಿಂದ ಕೊನೆಗೌಡ ಮೈಸೂರು ಕಡೆಯ ಕನ್ನಡ ಮಾತಾಡುತ್ತಾನೆ! ಕೊಯ್ಲಿನ ದಿನ ನಮ್ಮಲ್ಲಿಗೆ ಬಂದವರಿಗೆ ಗೊತ್ತು: ಒಂದು ಮರದಿಂದ ಇನ್ನೊಂದಕ್ಕೆ ವಾಲುತ್ತ, ಕೊನೆಯನ್ನು ಹಗ್ಗಕ್ಕೆ ಬಿಡುತ್ತ, ಮೂರು ಊರಿನ ಸುದ್ದಿಯನ್ನು ಮೇಲಿನಿಂದಲೇ ಬಿತ್ತರಿಸಿ ಕೆಳಗೆ ಹಗ್ಗ ಹಿಡಿದವನನ್ನು ನಗಿಸುವವನು ಅವನು. ತಂಡದವರು ಅವನ ಬಾಯಿ ಬಿಟ್ಟು ಕಾಲನ್ನು ಆರಿಸಿದರು. ಮೊಬೈಲಿನಲ್ಲಿ ಆ ದೃಶ್ಯ ತೋರಿಸಿದಾಗ ಅವನು ಹೇಳಿದ್ದಿಷ್ಟೇ: “ತಳೆ ನನ್ನದು ಹೌದು.”

ಆದ್ದರಿಂದ ಎರಡು ಕೋರಿಕೆ. ಚಿತ್ರವಿಮರ್ಶೆಯ ಕೆಳಗೆ ನೀವು ಛಾಯಾಗ್ರಹಣ, ಸಂಗೀತ ಎಂದು ಹೆಸರು ಹಾಕುವ ಕಡೆ ಪಾತ್ರಗಳಿಗೆ ಜನರನ್ನು ಆರಿಸಿದವರ ಹೆಸರನ್ನೂ ಹಾಕಿ. ಇನ್ನು, ನಮ್ಮ ಕಡೆಯ ಕಥೆ ಹಿಡಿದು ಬರುವ ಚಿತ್ರತಂಡಗಳು ತೋಟ, ಜಲಪಾತ ನೋಡುವ ಮೊದಲು ಒಂದು ಮಳೆಗಾಲ ಇಲ್ಲಿನ ತಾಳಮದ್ದಲೆಗಳಲ್ಲಿ ಕೂತು ಹೋಗಲಿ. ಚಳಿಗಾಲದಲ್ಲಿ ಬರುವುದು ಬೇಡ. ಕೊಯ್ಲು ಮುಗಿಯುವವರೆಗೆ ಕೊನೆಗೌಡ ನಮಗೇ ಸಿಗುವುದಿಲ್ಲ.

ಇಂತಿ,
ಒಬ್ಬ ಹವ್ಯಾಸಿ ಅರ್ಥಧಾರಿ
ಶಿರಸಿ ತಾಲ್ಲೂಕು