ಸದ್ದು ಬೆಲ್ಟಿನದಲ್ಲ, ಐಡ್ಲರ್ ಬೇರಿಂಗಿನದು

ಮಾನ್ಯ ಸಂಪಾದಕರೇ,

ಹಳೆಯ ಲಾರಿಯ ಎಂಜಿನ್ ಮುಂಭಾಗದಲ್ಲಿ ಸದ್ದು ಶುರುವಾದರೆ ಸಾಮಾನ್ಯವಾಗಿ ಮೊದಲು ಬದಲಾಗುವುದು ಬೆಲ್ಟ್. ಅದೂ ಬೇಡವೆನಿಸಿದರೆ ಬೆಲ್ಟಿಗೆ ಸ್ಪ್ರೇ ಹೊಡೆದು ಸುಮ್ಮನಾಗುತ್ತಾರೆ. ಎಷ್ಟೋ ಸಲ ಸವೆದಿರುವುದು ಐಡ್ಲರ್ ಪುಲ್ಲಿಯೊಳಗಿನ, ಅಂದರೆ ಬೆಲ್ಟಿಗೆ ದಾರಿ ತೋರಿಸುತ್ತಾ ಸುಮ್ಮನೆ ತಿರುಗುವ ಗಾಲಿಯೊಳಗಿನ, ಬೇರಿಂಗ್. ಅದು ಜಾಮ್ ಆದರೆ ಬೆಲ್ಟ್ ಉಜ್ಜಿ ಸುಟ್ಟು ಕಿತ್ತುಹೋಗುತ್ತದೆ. ಅದೇ ಬೆಲ್ಟ್ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಮತ್ತು ವಾಟರ್ ಪಂಪನ್ನೂ ತಿರುಗಿಸುತ್ತಿದ್ದರೆ ಚಾರ್ಜಿಂಗ್ ನಿಂತು, ಎಂಜಿನ್ ಕಾದು, ಗಾಡಿ ನಡುದಾರಿಯಲ್ಲೇ ನಿಲ್ಲುತ್ತದೆ.

ಗುರುತು ಹಿಡಿಯುವುದು ಕಷ್ಟವಲ್ಲ. ಓಡುತ್ತಿರುವ ಬೆಲ್ಟಿನ ಗೆರೆಗಳಿರುವ ಮೈಗೆ ದೂರದಿಂದ ಸ್ವಲ್ಪ ನೀರು ಚಿಮುಕಿಸಿ. ಕಿರುಚು ತಗ್ಗಿದರೆ ಅಥವಾ ಜೋರಾದರೆ ಅನುಮಾನ ಬೆಲ್ಟ್, ಅದನ್ನು ಬಿಗಿಯಾಗಿಡುವ ಟೆನ್ಷನರ್, ಪುಲ್ಲಿಗಳ ಅಲೈನ್‌ಮೆಂಟ್ (ಒಂದೇ ಸಾಲಿನಲ್ಲಿರುವುದು) ಕಡೆಗೆ. ಗೊರಗೊರ ಸದ್ದು ಹಾಗೇ ಉಳಿದರೆ ಬೇರಿಂಗ್. ಖಚಿತವಾಗಬೇಕಾದರೆ ಎಂಜಿನ್ ಆರಿಸಿ, ಬೆಲ್ಟ್ ಕಳಚಿ, ಪ್ರತಿ ಪುಲ್ಲಿಯನ್ನೂ ಕೈಯಲ್ಲಿ ತಿರುಗಿಸಬೇಕು. ಒಳ್ಳೆಯ ಸೀಲ್ಡ್ ಬೇರಿಂಗ್ ಗ್ರೀಸಿನ ಸಣ್ಣ ತಡೆಯೊಂದಿಗೆ ಸದ್ದಿಲ್ಲದೆ ತಿರುಗಿ ಬೇಗ ನಿಲ್ಲುತ್ತದೆ. ಬುಗುರಿಯಂತೆ ತಿರುಗುತ್ತಲೇ ಇದ್ದರೆ ಗ್ರೀಸ್ ಒಣಗಿದೆ ಎಂದೇ ಅರ್ಥ. ‘ಎಷ್ಟು ಹಗುರ ನೋಡಿ’ ಎಂದು ಹಿಗ್ಗಬೇಕಾದ್ದಿಲ್ಲ. ಅಂಚು ಹಿಡಿದು ಅಲುಗಿಸಿದಾಗ ಪ್ಲೇ, ಅಂದರೆ ಸಡಿಲ ಅಲುಗಾಟ, ಕಂಡರೂ ಅದರ ಆಯಸ್ಸು ಮುಗಿದಂತೆ.

ಬೇರಿಂಗ್ ಮಾತ್ರ ಬದಲಿಸುವುದು ಕಬ್ಬಿಣದ ಪುಲ್ಲಿಗೆ ಸರಿ. ಪ್ಲಾಸ್ಟಿಕ್ ಪುಲ್ಲಿಯಲ್ಲಿ ಬೇರಿಂಗನ್ನು ಅಚ್ಚಿನಲ್ಲೇ ಸೇರಿಸಿರುವುದುಂಟು, ಅಂಥದ್ದನ್ನು ಇಡಿಯಾಗಿ ಬದಲಿಸಿ.

ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಬೆಲ್ಟ್ ಸುತ್ತಿಕೊಂಡಿರುವ ದಾರಿಯನ್ನು ಚಿತ್ರ ಬರೆದಿಟ್ಟುಕೊಂಡು, ಟೆನ್ಷನರ್ ಸಡಿಲಿಸಿ. ಪುಲ್ಲಿಯ ನಡುವಿನ ಬೋಲ್ಟ್ ಕೆಲವು ಎಂಜಿನ್‌ಗಳಲ್ಲಿ ಉಲ್ಟಾ ಥ್ರೆಡ್ಡಿನದು, ಅಂದರೆ ಬಲಕ್ಕೆ ತಿರುಗಿಸಿದರೆ ಸಡಿಲವಾಗುವಂಥದ್ದು. ನೋಡದೆ ಬಲ ಹಾಕಿದರೆ ಮುರಿಯುತ್ತದೆ. ಹಿಂದಿನ ಸ್ಪೇಸರ್, ವಾಷರ್, ಡಸ್ಟ್ ಕ್ಯಾಪ್ ಬಂದ ಕ್ರಮದಲ್ಲೇ ಜೋಡಿಸಿಡಿ. ಹಳೆಯ ಬೇರಿಂಗ್ ಪುಲ್ಲಿಯ ಅಂಚಿನಿಂದ ಎಷ್ಟು ಒಳಗೆ ಕೂತಿದೆ ಎಂದು ವರ್ನಿಯರ್ ಎಂಬ ಸೂಕ್ಷ್ಮ ಅಳತೆಗೋಲಿನಲ್ಲಿ ಅಳೆಯಿರಿ. ಈ ಅಳತೆ ತಪ್ಪಿದರೆ ಬೆಲ್ಟ್ ಓರೆಯಾಗಿ ಓಡಿ ಅಂಚು ಸವೆಯುತ್ತದೆ.

ಬೇರಿಂಗನ್ನು ಹಿಡಿದಿಡುವ ಸರ್ಕ್ಲಿಪ್ (ಸ್ಪ್ರಿಂಗ್ ಬಳೆ) ಇದ್ದರೆ ತೆಗೆದು, ಪುಲ್ಲಿಗೆ ಹಿಂದಿನಿಂದ ದೊಡ್ಡ ಸಾಕೆಟ್ಟಿನ ಆಸರೆ ಕೊಟ್ಟು, ಮುಂದಿನಿಂದ ಚಿಕ್ಕ ಸಾಕೆಟ್ ಇಟ್ಟು ವೈಸ್‌ನಲ್ಲಿ ಒತ್ತಿದರೆ ಬೇರಿಂಗ್ ಹೊರಬರುತ್ತದೆ. ಸೀಲಿನ ಮೇಲೆ ನಂಬರ್ ಇರುತ್ತದೆ. ಹೆಚ್ಚಾಗಿ ಸಿಗುವುದು 6203: ಒಳವ್ಯಾಸ 17 ಮಿ.ಮೀ, ಹೊರವ್ಯಾಸ 40, ಅಗಲ 12. 6303 ಸಹ 17ರ ಒಳವ್ಯಾಸದ್ದೇ, ಆದರೆ ಹೊರಗೆ 47, ಅಗಲ 14. ನಂಬರ್ ಅಳಿಸಿದ್ದರೆ ಮೂರು ಅಳತೆಯನ್ನೂ ತೆಗೆದುಕೊಳ್ಳಿ. ಎರಡೂ ಬದಿ ರಬ್ಬರ್ ಸೀಲ್ ಇರುವ 2ಆರ್‌ಎಸ್ ಮಾದರಿಯೇ ಬೇಕು. ಝಡ್‌ಝಡ್ ಎಂದು ಬರೆದಿರುವ ತಗಡಿನ ಮುಚ್ಚಳದ್ದು ಧೂಳು, ನೀರನ್ನು ಅಷ್ಟು ತಡೆಯದು. ಹಳೆಯದರ ಮೇಲೆ ಸಿ3 ಎಂದಿದ್ದರೆ ಹೊಸದರಲ್ಲೂ ಅದಿರಲಿ, ಅದು ಒಳಗಿನ ಸಡಿಲಿಕೆಯ ಗುರುತು.

ಹೆಚ್ಚು ಕೆಡುವುದು ಹಾಕುವಾಗ. ಬೇರಿಂಗನ್ನು ಪುಲ್ಲಿಗೆ ಸೇರಿಸುವಾಗ ಒತ್ತಡ ಹೊರ ರಿಂಗಿನ ಮೇಲೆ ಮಾತ್ರ ಬೀಳಬೇಕು. ಒಳ ರಿಂಗಿಗೆ ಸುತ್ತಿಗೆ ಏಟು ಕೊಟ್ಟರೆ ಆ ಬಲ ಗುಂಡುಗಳ ಮೂಲಕ ದಾಟಿ, ಅವು ಉರುಳುವ ಹಾದಿಯಲ್ಲಿ ಕಣ್ಣಿಗೆ ಕಾಣದ ತಗ್ಗು ಬೀಳುತ್ತದೆ. ಹೊಸ ಬೇರಿಂಗ್ ಕೆಲವೇ ದಿನದಲ್ಲಿ ಗೊರಗುಟ್ಟಿದರೆ ಅಂಗಡಿಯವರನ್ನು ಬೈಯುವ ಮೊದಲು ಸುತ್ತಿಗೆ ಕಡೆ ನೋಡಬೇಕು. ಹಳೆಯ ಬೇರಿಂಗಿನ ಹೊರ ರಿಂಗನ್ನೇ ಒತ್ತುಗಟ್ಟೆಯಾಗಿ ಬಳಸಬಹುದು. ಹೊಸದನ್ನು ಒಂದು ಗಂಟೆ ಫ್ರೀಜರ್‌ನಲ್ಲಿಟ್ಟರೆ ಕೂಡಿಸುವುದು ಸುಲಭ. ಕೈಯಲ್ಲಿ ಒತ್ತಿದರೇ ಒಳಹೋಗುವಷ್ಟು ಪುಲ್ಲಿಯ ರಂಧ್ರ ಸವೆದಿದ್ದರೆ ಪಂಚ್ ಹೊಡೆದು ಬಿಗಿ ಮಾಡುವ ಕಸರತ್ತು ಬೇಡ, ಪುಲ್ಲಿಯನ್ನೇ ಬದಲಿಸಿ.

ಬೋಲ್ಟನ್ನು ಆ ಎಂಜಿನ್ನಿನ ಕೈಪಿಡಿ ಹೇಳಿದ ಟಾರ್ಕಿಗೆ, ಅಂದರೆ ತಿರುಚುಬಲಕ್ಕೆ, ಬಿಗಿಯಿರಿ. ಬೆಲ್ಟ್ ಹಾಕಿ, ಎಲ್ಲ ಗೆರೆಗಳೂ ಪುಲ್ಲಿಯ ತೋಡುಗಳಲ್ಲಿ ಕೂತಿವೆಯೇ ನೋಡಿ, ಎರಡು ನಿಮಿಷ ಐಡಲ್‌ನಲ್ಲಿ ಓಡಿಸಿ. ಸದ್ದು ಇನ್ನೂ ಇದ್ದರೆ ಮುಂದೆ ನೋಡಬೇಕಾದದ್ದು ಟೆನ್ಷನರ್ ಪುಲ್ಲಿಯ ಬೇರಿಂಗ್. ಮೊದಲಿನಿಂದಲೂ ಬದಲಾಗದಿದ್ದರೆ ಅದೂ ಅಷ್ಟೇ ಕಿಲೋಮೀಟರ್ ಓಡಿರುತ್ತದೆ. ಬೆಲ್ಟ್ ಹೇಗೂ ಬಿಚ್ಚಿರುವಾಗಲೇ ಎರಡನ್ನೂ ಒಟ್ಟಿಗೆ ಬದಲಿಸುವುದು ಮೇಲು.

ಇಂತಿ,
ಒಬ್ಬ ಡೀಸೆಲ್ ಮೆಕ್ಯಾನಿಕ್