ಪಾಠದ ವಿಡಿಯೊ ಯಾಕಿಷ್ಟು ಚಪ್ಪೆ? ಪೋಷಕರಿಗೊಂದು ಪತ್ರ

ಪೋಷಕರೆಲ್ಲರಿಗೂ ನಮಸ್ಕಾರ.

ಮೊನ್ನೆ ಸೊಸೈಟಿ ಹತ್ತಿರ ಸಿಕ್ಕ ತಂದೆಯೊಬ್ಬರು ಕೇಳಿದರು: "ಮೇಡಂ, ಮೊದಲೆಲ್ಲ ಪಾಠದ ವಿಡಿಯೊದಲ್ಲಿ ಹಾಡು, ಕಾರ್ಟೂನು ಇರ್ತಿತ್ತಂತೆ. ಈಗ ಯಾಕಿಷ್ಟು ಚಪ್ಪೆ?" ಆಮೇಲೆ ಫೋನಿನಲ್ಲೂ ಇಬ್ಬರು ಇದನ್ನೇ ಕೇಳಿದರು. ಹಾಗಾಗಿ ಎಲ್ಲರಿಗೂ ಒಟ್ಟಿಗೇ ಬರೆಯುತ್ತಿದ್ದೇನೆ. ತಪ್ಪು ನನ್ನದೇ, ಅಲ್ಲಿಂದಲೇ ಶುರು ಮಾಡುತ್ತೇನೆ.

ಹೋದ ವರ್ಷ ಎಂಟನೇ ಕ್ಲಾಸಿಗೆ ಶರಾವತಿ ವಿದ್ಯುತ್ ಬಗ್ಗೆ ಒಂದು ವಿಡಿಯೊ ಮಾಡಿದ್ದೆ. ಮೂರು ರಾತ್ರಿ ನಿದ್ದೆ ಕೆಟ್ಟು ಮಾಡಿದ್ದು, ಹದಿನಾಲ್ಕು ನಿಮಿಷದ್ದು. ಜೋಗದ ನೀರು ಧುಮುಕುವಾಗ ಹಿಂದೆ ಚಂಡೆ ಸದ್ದು. ಮೂಲೆಯಲ್ಲಿ ಕುಣಿಯುವ ಮಂಗ. ನಾನು ಬಾಯಲ್ಲಿ ಹೇಳಿದ್ದೇ ಪರದೆ ತುಂಬ ಅಕ್ಷರದಲ್ಲೂ. 1964ರ ಲಿಂಗನಮಕ್ಕಿ ಅಣೆಕಟ್ಟು, ಶರಾವತಿ ವಿದ್ಯುದಾಗಾರದ ಹತ್ತು ಯಂತ್ರ, 1,035 ಮೆಗಾವಾಟ್, ಎಲ್ಲವನ್ನೂ ತುರುಕಿದ್ದೆ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ಮರುದಿನ, ನೀರಿನಿಂದ ಕರೆಂಟ್ ಹೇಗೆ ಬರುತ್ತದೆ ಎಂದು ಕೇಳಿದೆ. ಯಾರೂ ಉಸಿರೆತ್ತಲಿಲ್ಲ. ಕೊನೆಗೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಮಂಗ ಚೆನ್ನಾಗಿತ್ತು ಮಿಸ್" ಎಂದ.

ಹೊಸದೇನಾದರೂ ಕೇಳಿದಾಗ, ನೋಡಿದಾಗ, ಆ ಗಳಿಗೆಯಲ್ಲಿ ಅದನ್ನು ಹಿಡಿದಿಟ್ಟುಕೊಂಡು ಯೋಚಿಸುವ ಜಾಗ ತಲೆಯಲ್ಲಿ ತೀರಾ ಚಿಕ್ಕದು. ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ, ಆ ಜಾಗದಲ್ಲಿ ಸುಮಾರು ಏಳು ಸಂಗತಿ ಹಿಡಿಯುತ್ತದೆ ಎಂದಿದ್ದರು. 2001ರಲ್ಲಿ ಇನ್ನೊಬ್ಬ ಮನಶ್ಶಾಸ್ತ್ರಜ್ಞ ನೆಲ್ಸನ್ ಕೋವನ್ ಅದನ್ನು ನಾಲ್ಕರ ಆಸುಪಾಸಿಗೆ ಇಳಿಸಿದರು. ಇದು ದೊಡ್ಡವರ ಲೆಕ್ಕ. ಹದಿಮೂರರ ಮಕ್ಕಳ ಮೇಲೆ ನಾನು ಮಂಗ, ಚಂಡೆ, ಅಕ್ಷರ, ಅಂಕಿ ಎಲ್ಲ ಸುರಿದಿದ್ದೆ.

ಅಡಿಕೆ ಕೊನೆ ಕೊಯ್ಲಿನ ಕಾಲದಲ್ಲಿ ನಿಮ್ಮ ಮನೆಯ ಅಂಗಳವನ್ನೇ ನೆನಪಿಸಿಕೊಳ್ಳಿ. ಹಳಬರು ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತು ಊರ ಸುದ್ದಿಯೆಲ್ಲ ಮಾತಾಡುತ್ತಲೇ ಡಬ್ಬ ತುಂಬಿಸುತ್ತಾರೆ. ಕೈ ತಾನೇ ಓಡುತ್ತದೆ. ಹೊಸದಾಗಿ ಸುಲಿಯಲು ಕೂತ ಹುಡುಗಿ ಹಾಗೆ ಹರಟಿದರೆ ಬೆರಳು ಕೊಯ್ದುಕೊಳ್ಳುತ್ತಾಳೆ. ಕಾಯಿ ಹೇಗೆ ಹಿಡಿಯಬೇಕು, ಎಲ್ಲಿ ಒತ್ತಬೇಕು ಅನ್ನುವುದಕ್ಕೇ ಅವಳ ಗಮನವೆಲ್ಲ ಬೇಕು. ಅವಳಿಗೆ ದಡ್ಡಿ ಅಂತ ನಾವು ಹೇಳುವುದಿಲ್ಲ, ಅಲ್ವಾ? ನಾನು ಆ ವಿಡಿಯೊವನ್ನು ನನ್ನಂಥ ಹಳಬರಿಗಾಗಿ ಮಾಡಿದ್ದೆ.

ಕಲಿಯುವಾಗ ತಲೆಯ ಮೇಲೆ ಬೀಳುವ ಇಂಥ ಭಾರದ ಬಗ್ಗೆ ಆಸ್ಟ್ರೇಲಿಯಾದ ಜಾನ್ ಸ್ವೆಲ್ಲರ್, ಅಮೆರಿಕದ ರಿಚರ್ಡ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞರು ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಮೇಯರ್ ಅವರ ಒಂದು ಮಾತು ನನಗೆ ಸರಿಯಾಗಿ ನಾಟಿತು. ಚಿತ್ರ ತೋರಿಸುತ್ತಾ ಮಾತಾಡಿದರೆ ಕಣ್ಣಿಗೊಂದು ಕೆಲಸ, ಕಿವಿಗೊಂದು ಕೆಲಸ. ಅದೇ ಮಾತನ್ನು ಕೆಳಗೆ ಸಾಲುಸಾಲಾಗಿ ಬರೆದರೆ ಕಣ್ಣು ಚಿತ್ರ ಬಿಟ್ಟು ಅಕ್ಷರದ ಹಿಂದೆ ಓಡುತ್ತದೆ. ಎರಡೂ ಅರ್ಧಂಬರ್ಧ.

ಈಗ ಅದೇ ಪಾಠ ಹೀಗಿದೆ. ಮೊದಲ ದಿನ ವಿಡಿಯೊ ಇಲ್ಲ. ಅಣೆಕಟ್ಟು, ಪೈಪು, ಟರ್ಬೈನ್ (ನೀರಿನ ರಭಸಕ್ಕೆ ತಿರುಗುವ ಚಕ್ರ), ಜನರೇಟರ್ (ಕರೆಂಟ್ ಹುಟ್ಟಿಸುವ ಯಂತ್ರ), ಈ ನಾಲ್ಕರ ಪರಿಚಯ ಅಷ್ಟೆ. ಮರುದಿನ ಎರಡೆರಡು ನಿಮಿಷದ ಮೂರು ತುಂಡು. ಬರೀ ಗೆರೆಯ ಚಿತ್ರ. ಲಿಂಗನಮಕ್ಕಿಯ ನೀರು ತಳಕಳಲೆಯ ಜಲಾಶಯಕ್ಕೆ ಬರುತ್ತದೆ, ಅಲ್ಲಿಂದ ದಪ್ಪ ಪೈಪುಗಳಲ್ಲಿ ಕೆಳಗಿಳಿದು ಟರ್ಬೈನ್ ತಿರುಗಿಸುತ್ತದೆ, ಅದರ ಜೊತೆ ಜನರೇಟರ್ ತಿರುಗುತ್ತದೆ. ಹೆಸರು ಆಯಾ ಭಾಗದ ಪಕ್ಕದಲ್ಲೇ ಇರುತ್ತದೆ, ಮೂಲೆಯ ಪಟ್ಟಿಯಲ್ಲಲ್ಲ. ಒಂದೊಂದು ತುಂಡು ಮುಗಿದಾಗಲೂ ನಿಲ್ಲಿಸಿ ಮಾತಾಡುತ್ತೇವೆ. ಮೆಗಾವಾಟ್ ಲೆಕ್ಕ ಮುಂದಿನ ವಾರಕ್ಕೆ. ಮಂಗನಿಗೆ ರಜೆ.

ಅಕ್ಷರವೇ ಬೇಡ ಅಂತಲ್ಲ. ಮೊದಲ ಸಲ ಕೇಳುವ ಇಂಗ್ಲಿಷ್ ಪದ ಕಣ್ಣಿಗೂ ಕಾಣಬೇಕು. ಕಿವಿ ಸರಿಯಾಗಿ ಕೇಳದ ಮಕ್ಕಳಿಗಂತೂ ಎಲ್ಲ ಮಾತೂ ಬರಹದಲ್ಲಿ ಬೇಕೇ ಬೇಕು, ಅವರಿಗೆ ಬೇರೆ ಪ್ರತಿ ಮಾಡಿದ್ದೇವೆ. ಇನ್ನು, ಬೇಗ ಕಲಿಯುವ ಕೆಲವರಿಗೆ ಈ ನಿಧಾನ ಬೇಜಾರು. ಅವರ ದೂರು ನಿಜವೇ. ಅವರಿಗೆ ಎರಡನೇ ತುಂಡಿನ ಹೊತ್ತಿಗೆ ಬೇರೆ ಕೆಲಸ ಕೊಡುತ್ತಿದ್ದೇವೆ, ಇನ್ನೂ ಪೂರ್ತಿ ಹೊಂದಿಲ್ಲ.

ಮನೆಯಲ್ಲಿ ನಿಮ್ಮಿಂದ ಒಂದು ಸಹಾಯ ಬೇಕು. ಓದುವ ಹೊತ್ತಿಗೆ ಎದುರಿನ ಟಿವಿ ಸ್ವಲ್ಪ ಆರಿಸಿ. ಪಾಠ ಅರ್ಥವಾಗಲಿಲ್ಲ ಎಂದರೆ ಫೋನಿನಲ್ಲಿ ಇನ್ನೂ ನಾಲ್ಕು ವಿಡಿಯೊ ಹಾಕಿ ಕೊಡಬೇಡಿ. ಒಂದು ಹಾಳೆ ಕೊಟ್ಟು, "ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತೆ, ಬಿಡಿಸು ನೋಡೋಣ" ಅನ್ನಿ. ಚಿತ್ರ ಸೊಟ್ಟಗಿದ್ದರೂ ಪರವಾಗಿಲ್ಲ. ಎಲ್ಲಿ ಗೆರೆ ನಿಂತಿತೋ ಅದನ್ನು ನಮಗೆ ಹೇಳಿ ಕಳಿಸಿ.

ಬರುವ ಶನಿವಾರ ಬೆಳಿಗ್ಗೆ 10 ಗಂಟೆಗೆ ಹಳೇ ವಿಡಿಯೊ, ಹೊಸ ವಿಡಿಯೊ ಎರಡನ್ನೂ ನಿಮಗೇ ತೋರಿಸುತ್ತೇವೆ. ಈ ಮಳೆಯಲ್ಲಿ ಕರೆಂಟ್ ಇದ್ದರೆ. ಇಲ್ಲದಿದ್ದರೆ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬಿಡಿಸಿಯೇ ಪಾಠ ಮಾಡುತ್ತೇನೆ, ಬನ್ನಿ.

ಇಂತಿ,
ಮುಖ್ಯೋಪಾಧ್ಯಾಯಿನಿ