ಮೊದಲು ಜಾಗ ಅಳೆ, ಆಮೇಲೆ ವೂಫರ್ ಕೊಳ್ಳು

ಭೋಸರಿ, ಪುಣೆ

ಪ್ರೀತಿಯ ಅಳಿಯನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ನಿನ್ನೆ ಅಕ್ಕ ಫೋನ್ ಮಾಡಿದ್ದಳು. ಪಿಕಪ್ ತಗೊಂಡ ಖುಷಿಯಲ್ಲಿ ನೀನು ಈ ಶನಿವಾರವೇ ಎಲೆಕ್ಟ್ರಾನಿಕ್ಸ್ ಅಂಗಡಿಗಳ ತಪಕೀರ್ ಗಲ್ಲಿಗೆ ಹೋಗಿ ಬಾಸ್ ಸದ್ದಿಗೆ ಹನ್ನೆರಡು ಇಂಚಿನ ಸ್ಪೀಕರ್, ಅದೇ ವೂಫರ್, ತರುತ್ತೀಯಂತೆ, ಅದನ್ನು ಕೂರಿಸುವ ಪೆಟ್ಟಿಗೆ ಆಮೇಲೆ ಮಾವನ ಹತ್ತಿರ ಮಾಡಿಸಿಕೊಂಡರಾಯಿತು ಅಂದೆಯಂತೆ. ಮಾಡಿಕೊಡುತ್ತೇನೆ ತಮ್ಮಾ, ಅದರಲ್ಲಿ ಎರಡು ಮಾತಿಲ್ಲ. ಆದರೆ ದುಡ್ಡು ಕೊಡುವ ಮುಂಚೆ ಈ ಪತ್ರ ಪೂರ್ತಿ ಓದು.

ನೀನು ಹಿಡಿದಿರುವ ಕ್ರಮ ಉಲ್ಟಾ ಆಗಿದೆ. ಕಾರಿನ ಡಿಕ್ಕಿಯಲ್ಲಿ ಜಾಗ ಬೇಕಾದಷ್ಟು ಇರುತ್ತದೆ, ಅಲ್ಲಿ ಸ್ಪೀಕರ್ ಮೊದಲು ತಂದರೂ ನಡೆದೀತು. ಪಿಕಪ್ಪಿನಲ್ಲಿ ಹಾಗಲ್ಲ. ಹಿಂದಿನ ಸೀಟಿಗೂ ಕ್ಯಾಬಿನ್ನಿನ ಹಿಂಗೋಡೆಗೂ ನಡುವೆ ಮೇಲೆ ಕಿರಿದು, ಕೆಳಗೆ ಅಗಲ ಇರುವ ಒಂದು ಸಂದಿ. ಅಷ್ಟೇ ನಿನಗಿರುವ ಜಾಗ. ಮೊದಲು ಆ ಸಂದಿ ಅಳೆಯಬೇಕು, ಅದರಲ್ಲಿ ಎಷ್ಟು ಲೀಟರ್ ಗಾಳಿ ಹಿಡಿಯುತ್ತದೆ ಅಂತ ಲೆಕ್ಕ ಹಾಕಬೇಕು, ಅಷ್ಟು ಗಾಳಿಗೆ ಒಗ್ಗುವ ವೂಫರನ್ನು ಕೊನೆಗೆ ಕೊಳ್ಳಬೇಕು. ಹನ್ನೆರಡು ಇಂಚಿನದು ತಂದು, ಅದು ಕೇಳುವ ಜಾಗ ಕೊಡಲಾಗದೆ ಸಣ್ಣ ಪೆಟ್ಟಿಗೆಯಲ್ಲಿ ತುರುಕಿದರೆ, ಸರಿಯಾದ ಪೆಟ್ಟಿಗೆಯಲ್ಲಿ ಕೂತ ಹತ್ತು ಇಂಚಿನದರ ಮುಂದೆ ಅದು ಸೋಲುತ್ತದೆ. ನಾನು ಕಿವಿಯಾರೆ ಕೇಳಿದ್ದೇನೆ.

ಬೆಳಗಾವಿಯ ಉದ್ಯಮಬಾಗ್‌ನಲ್ಲಿ ನಾನು ಪ್ಯಾಟರ್ನ್ ಕೆಲಸ, ಅಂದರೆ ಎರಕಕ್ಕೆ ಮರದ ಮಾದರಿ ಮಾಡುವುದನ್ನು, ಕಲಿಯುವಾಗ ಕೋರ್ ಬಾಕ್ಸ್ ಮಾಡುತ್ತಿದ್ದೆವು. ಎರಕದ ಒಳಟೊಳ್ಳಿಗೆ ಬೇಕಾದ ಮರಳಿನ ಅಚ್ಚು ತಯಾರಾಗುವುದು ಆ ಪೆಟ್ಟಿಗೆಯಲ್ಲಿ. ಹೊರಗಡೆ ಹೇಗಾದರೂ ಇರಲಿ, ಅದರಲ್ಲಿ ಒಳ ಅಳತೆಯೇ ಅಳತೆ. ವೂಫರ್ ಪೆಟ್ಟಿಗೆಯೂ ಹಾಗೇ. ನಾವು ಕಟ್ಟುವುದು ಪ್ಲೈವುಡ್ಡನ್ನಲ್ಲ, ಒಳಗಿನ ಗಾಳಿಯನ್ನು.

ಇನ್ನು ಪೋರ್ಟ್, ಅಂದರೆ ಪೆಟ್ಟಿಗೆಯ ಗಾಳಿ ಹೊರಗೆ ಆಡಲು ಇಡುವ ಪೈಪು. ಅದು ಹೇಗೆ ಕೆಲಸ ಮಾಡುತ್ತದೆ ಅಂತ ಸರಿಯಾಗಿ ತಿಳಿದುಕೋ. ಖಾಲಿ ಸೋಡಾ ಬಾಟಲಿಯ ಬಾಯಿಗೆ ಊದಿದರೆ ಒಂದೇ ಸ್ವರ ಬರುತ್ತದೆ, ಅರ್ಧ ನೀರು ತುಂಬಿ ಊದಿದರೆ ಸ್ವರ ಮೇಲೇರುತ್ತದೆ, ಅಲ್ವಾ? ಒಳಗಿನ ಗಾಳಿ ಸ್ಪ್ರಿಂಗ್ ಇದ್ದಂತೆ, ಕತ್ತಿನ ಗಾಳಿ ಅದರ ತುದಿಗೆ ಕಟ್ಟಿದ ಭಾರ. ಪೆಟ್ಟಿಗೆ ಬಾಟಲಿಯ ಹೊಟ್ಟೆ, ಪೋರ್ಟಿನ ಪೈಪು ಅದರ ಕತ್ತು. ಪೆಟ್ಟಿಗೆ ದೊಡ್ಡದಾದರೆ ಸ್ವರ ಇಳಿಯುತ್ತದೆ, ಪೈಪು ಉದ್ದವಾದರೂ ಇಳಿಯುತ್ತದೆ, ಪೈಪು ಅಗಲವಾದರೆ ಏರುತ್ತದೆ. ಆ ಸ್ವರದಲ್ಲಿ ಕೋನ್, ಅಂದರೆ ವೂಫರಿನ ಅಲುಗುವ ಮುಖ, ಹೆಚ್ಚು ಅಲುಗದೆ ಪೈಪೇ ಸದ್ದು ಕೊಡುತ್ತದೆ. ಪೋರ್ಟ್ ಹಾಕುವ ಲಾಭ ಅದೇ.

ಈ ಲೆಕ್ಕವನ್ನು ಸ್ಪೀಕರಿಗೆ ಹೊಂದಿಸಿ 1961ರಲ್ಲಿ ಬರೆದವರು ಆಸ್ಟ್ರೇಲಿಯಾದ ನೆವಿಲ್ ಥೀಲ್, 1970ರ ದಶಕದಲ್ಲಿ ಅದನ್ನು ಬೆಳೆಸಿದವರು ರಿಚರ್ಡ್ ಸ್ಮಾಲ್. ವೂಫರ್ ಜೊತೆ ಬರುವ ಕಾಗದದಲ್ಲಿ ಥೀಲ್-ಸ್ಮಾಲ್ ಅಂಕಿಗಳು ಇರುತ್ತವೆ. ಆ ಕಾಗದ ಇಲ್ಲದ ವೂಫರ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ತರಬೇಡ. ಎಫ್‌ಎಸ್ ಅನ್ನು ಕ್ಯೂಇಎಸ್‌ನಿಂದ ಭಾಗಿಸಿ ನೋಡು. ಮೊದಲನೆಯದು ವೂಫರ್ ತಾನಾಗಿ ಮಿಡಿಯುವ ಸ್ವರ, ಎರಡನೆಯದು ಆ ಮಿಡಿತಕ್ಕೆ ಅದರ ಆಯಸ್ಕಾಂತ ಎಷ್ಟು ಕಡಿವಾಣ ಹಾಕುತ್ತದೆ ಅನ್ನುವ ಅಂಕಿ. 50ಕ್ಕಿಂತ ಕಡಿಮೆ ಬಂದರೆ ಅದು ಪೋರ್ಟ್ ಇಲ್ಲದ ಮುಚ್ಚಿದ ಪೆಟ್ಟಿಗೆಗೆ ಒಗ್ಗುವ ವೂಫರ್, 100ರ ಹತ್ತಿರ ಅಥವಾ ಮೇಲೆ ಬಂದರೆ ಪೋರ್ಟಿಗೆ, ನಡುವೆ ಇದ್ದರೆ ಎರಡಕ್ಕೂ ಆದೀತು. ಇದು ಅಂದಾಜು ಮಾತ್ರ, ಆದರೆ ಅಂಗಡಿಯಲ್ಲಿ ನಿಂತಾಗ ಉಪಯೋಗಕ್ಕೆ ಬರುತ್ತದೆ.

ಈಗ ಒಂದು ಉದಾಹರಣೆ ಹಾಕೋಣ. ಹತ್ತು ಇಂಚಿನ ವೂಫರಿಗೆ ನಿವ್ವಳ 35 ಲೀಟರ್ ಗಾಳಿ ಬೇಕು, 35 ಹರ್ಟ್ಜ್‌ಗೆ ಟ್ಯೂನ್ ಮಾಡಬೇಕು, ಅಂದರೆ ಪೈಪಿನ ಸ್ವರ ಅಲ್ಲಿಗೆ ಕೂರಬೇಕು, ಅಂತ ಇಟ್ಟುಕೋ. ಬಾಸ್ ಗಿಟಾರಿನ ಅತಿ ಕೆಳಗಿನ ತಂತಿ 41 ಹರ್ಟ್ಜ್, ಅದಕ್ಕಿಂತ ಸ್ವಲ್ಪ ಕೆಳಗಿದ್ದರೆ ಹಾಡು ಕೇಳಲು ಸಾಕು. ಸಣ್ಣ ಕ್ಯಾಬಿನ್ನೇ ಕೆಳಗಿನ ಸದ್ದನ್ನು ಎತ್ತಿ ಕೊಡುತ್ತದೆ, 25ಕ್ಕೆ ಇಳಿಸಲು ಒದ್ದಾಡುವುದು ಬೇಡ. ಪೈಪಿನ ಉದ್ದದ ಲೆಕ್ಕ ಹೀಗೆ. ಪೈಪಿನ ಒಳವ್ಯಾಸ ಸೆಂಟಿಮೀಟರಿನಲ್ಲಿ ತಗೊಂಡು ಅದನ್ನು ಅದರಿಂದಲೇ ಗುಣಿಸು, ಮತ್ತೆ 23562ರಿಂದ ಗುಣಿಸು. ಆಮೇಲೆ ಹರ್ಟ್ಜ್ ಅನ್ನು ಅದರಿಂದಲೇ ಗುಣಿಸಿ ಲೀಟರಿನಿಂದ ಗುಣಿಸು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ಬಂದದ್ದರಲ್ಲಿ ವ್ಯಾಸದ 0.73 ಪಾಲು ಕಳೆ. ಏಳೂವರೆ ಸೆಂಟಿಮೀಟರ್ ಪೈಪಿಗೆ ಉದ್ದ ಸುಮಾರು 25 ಸೆಂಟಿಮೀಟರ್ ಬರುತ್ತದೆ, ಹತ್ತು ಸೆಂಟಿಮೀಟರ್ ಪೈಪಿಗೆ 48 ಹತ್ತಿರ.

ನೋಡಿದೆಯಾ, ಎಲ್ಲರೂ ಎಡವುವುದು ಇಲ್ಲೇ. ಸಣ್ಣ ಪೈಪು ಹಾಕಿದರೆ ಜೋರಾಗಿ ಹಚ್ಚಿದಾಗ ಗಾಳಿ ಬುಸ್ ಬುಸ್ ಅನ್ನುತ್ತದೆ, ಹಾಡಿಗಿಂತ ಅದೇ ಕೇಳಿಸುತ್ತದೆ. ದೊಡ್ಡ ಪೈಪು ಹಾಕಿದರೆ ಉದ್ದ ಹೆಚ್ಚಾಗಿ ಪೆಟ್ಟಿಗೆಯಲ್ಲಿ ಕೂರುವುದಿಲ್ಲ, ಕೂತರೂ ಜಾಗ ತಿನ್ನುತ್ತದೆ. 110 ಎಂಎಂ ಪಿವಿಸಿ ಪೈಪು 48 ಸೆಂಟಿಮೀಟರ್ ಅಂದರೆ ಅದೊಂದೇ ನಾಲ್ಕೂವರೆ ಲೀಟರ್. ವೂಫರಿನ ಹಿಂಭಾಗಕ್ಕೆ ಎರಡು, ಒಳಗಿನ ಪಟ್ಟಿಗಳಿಗೆ ಒಂದು ಸೇರಿಸು. ಅಲ್ಲಿಗೆ 35 ಲೀಟರ್ ನಿವ್ವಳ ಬೇಕಾದರೆ ಪೆಟ್ಟಿಗೆ 42.5 ಲೀಟರಿನದ್ದಾಗಿರಬೇಕು. ಹೊರಗಿನಿಂದ, ಸೆಂಟಿಮೀಟರಿನಲ್ಲಿ, 80 ಅಗಲ, 40 ಎತ್ತರ, ಮೇಲೆ 14, ಕೆಳಗೆ 24 ಆಳ ಇರುವ ಪೆಟ್ಟಿಗೆಯಲ್ಲಿ, 18 ಎಂಎಂ ಪ್ಲೈ ಎರಡೂ ಕಡೆ ಕಳೆದ ಮೇಲೆ, ಹೆಚ್ಚುಕಡಿಮೆ ಅಷ್ಟು ಸಿಗುತ್ತದೆ. ಇಳಿಜಾರು ಪೆಟ್ಟಿಗೆಗೆ ಮೇಲಿನ ಆಳ, ಕೆಳಗಿನ ಆಳ ಕೂಡಿಸಿ ಅರ್ಧ ಮಾಡಿದರಾಯಿತು. ಪೈಪಿನ ಒಳತುದಿ ಎದುರಿನ ಗೋಡೆಗೆ ಅಂಟಬಾರದು, ಪೈಪಿನ ವ್ಯಾಸದಷ್ಟಾದರೂ ಜಾಗ ಬಿಡಬೇಕು. ಹೊರತುದಿಗೂ ಅಷ್ಟೇ, ಸೀಟಿನ ಸ್ಪಂಜಿಗೆ ಬಾಯಿ ಒತ್ತಿದರೆ ಪೋರ್ಟ್ ಇದ್ದೂ ಇಲ್ಲದಂತೆ.

ನಿನ್ನ ಸಂದಿಯಲ್ಲಿ ಇಷ್ಟು ಜಾಗ ಸಿಗದಿದ್ದರೆ ಪೋರ್ಟಿನ ಆಸೆ ಬಿಟ್ಟುಬಿಡು. ಇದನ್ನು ಮನಸ್ಸಿಟ್ಟು ಹೇಳುತ್ತಿದ್ದೇನೆ. ಕಡಿಮೆ ಆಳದ ವೂಫರ್ ತಂದು ಚಿಕ್ಕ ಮುಚ್ಚಿದ ಪೆಟ್ಟಿಗೆ ಮಾಡೋಣ, ಕ್ಯಾಬಿನ್ನಿನಲ್ಲಿ ಅದೂ ಚೆನ್ನಾಗಿಯೇ ಕೇಳಿಸುತ್ತದೆ.

ಮರದ ಮಾತು. ನನ್ನ ಮೊದಲ ಪೆಟ್ಟಿಗೆಯನ್ನು ಮರದ ನಾರು ಒತ್ತಿ ಮಾಡುವ ಹಲಗೆಯಲ್ಲಿ, ಅಂದರೆ ಎಂಡಿಎಫ್‌ನಲ್ಲಿ ಮಾಡಿದ್ದೆ. ನುಣ್ಣಗಿತ್ತು, ಅಂಚು ಚಾಕುವಿನಂತೆ ನೇರ, ಸದ್ದೂ ಚೆನ್ನಾಗಿತ್ತು. ಜುಲೈ ಬಂತು. ಒದ್ದೆ ಚಪ್ಪಲಿ, ಒದ್ದೆ ಮ್ಯಾಟ್, ಬಾಗಿಲಿನ ರಬ್ಬರಿನಿಂದ ಒಸರಿದ ನೀರು. ಕೆಳಗಿನ ಅಂಚು ಹಾಲಿನಲ್ಲಿ ನೆನೆದ ಬ್ರೆಡ್ಡಿನ ಹಾಗೆ ಉಬ್ಬಿತು. ಬೆರಳಿನಿಂದ ಒತ್ತಿದರೆ ಪುಡಿ ಬರುತ್ತಿತ್ತು, ಸ್ಕ್ರೂಗಳು ಕೈಯಲ್ಲೇ ತಿರುಗುತ್ತಿದ್ದವು. ಪುಣೆಯ ಮಳೆಗಾಲದಲ್ಲಿ ಓಡುವ ಗಾಡಿಗೆ ಟಿಂಬರ್ ಮಾರ್ಕೆಟ್ಟಿನಿಂದ ಐಎಸ್ 710 ಗುರುತಿರುವ, ನೀರು ತಡೆಯುವ ಮರೀನ್ ಪ್ಲೈ ತರೋಣ. ದುಡ್ಡು ಜಾಸ್ತಿ ಆಗುತ್ತದೆ, ಆಗಲಿ. ಹಿಂದೆ ಸಾಮಾನು ಹಾಕುವ ತೆರೆದ ಜಾಗದಲ್ಲಿ ಇಡುವ ಯೋಚನೆಯನ್ನಂತೂ ಬಿಡು, ಬಾಸು ಊರಿಗೆಲ್ಲ ಕೇಳುತ್ತದೆ, ನಿನಗೆ ಮಾತ್ರ ಕೇಳುವುದಿಲ್ಲ.

ಪೈಪನ್ನು ಲೆಕ್ಕಕ್ಕಿಂತ ಮೂರು ಸೆಂಟಿಮೀಟರ್ ಉದ್ದವೇ ಇಟ್ಟು ಹಾಕೋಣ. ಫೋನಿನಲ್ಲಿ ಒಂದೊಂದೇ ಹರ್ಟ್ಜ್ ಸ್ವರ ಕೊಡುವ ಆ್ಯಪ್ ಇರುತ್ತದಲ್ಲ, ಅದನ್ನು ಸಣ್ಣ ಸದ್ದಿನಲ್ಲಿ 40ರಿಂದ ಒಂದೊಂದೇ ಇಳಿಸುತ್ತ ಬರಬೇಕು. ಒಂದು ಕಡೆ ಕೋನ್ ನಿಂತೇ ಹೋಯಿತೇನೋ ಅನ್ನಿಸುತ್ತದೆ, ಪೈಪಿನ ಬಾಯಿಗೆ ಅಂಗೈ ಹಿಡಿದರೆ ಗಾಳಿ ತಟ್ಟುತ್ತದೆ. ಅದೇ ನಿನ್ನ ಟ್ಯೂನಿಂಗ್. ಬೇಕಾದ್ದಕ್ಕಿಂತ ಕೆಳಗಿದ್ದರೆ ಪೈಪನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತ ಬರಬಹುದು, ಒಮ್ಮೆ ಕತ್ತರಿಸಿದ್ದನ್ನು ಬೆಳೆಸಲು ಆಗುವುದಿಲ್ಲ. ಆಗಲೇ ಊದಿನಕಡ್ಡಿ ಹಚ್ಚಿ ಎಲ್ಲ ಜೋಡಣೆಗಳ ಉದ್ದಕ್ಕೂ ನಿಧಾನ ಒಯ್ಯಬೇಕು. ಹೊಗೆ ನಡುಗಿದ ಕಡೆ ಗಾಳಿ ಸೋರುತ್ತಿದೆ ಅಂತ ಅರ್ಥ.

ಇನ್ನೊಂದು, ಆಂಪ್ಲಿಫೈಯರಿನಲ್ಲಿ ಸಬ್‌ಸಾನಿಕ್ ಫಿಲ್ಟರ್ ಇರಲೇಬೇಕು. ತೀರಾ ಕೆಳಗಿನ ಸ್ವರಗಳನ್ನು ತಡೆಯುವುದು ಅದು. ಟ್ಯೂನಿಂಗಿಗಿಂತ ಕೆಳಗಿನ ಸ್ವರದಲ್ಲಿ ಕೋನಿಗೆ ಒಳಗಿನ ಗಾಳಿಯ ಹಿಡಿತವೇ ಇರುವುದಿಲ್ಲ. ಹಗ್ಗ ಕಡಿದ ಎತ್ತಿನ ಹಾಗೆ ಜಿಗಿಯುತ್ತದೆ. 35ಕ್ಕೆ ಟ್ಯೂನ್ ಮಾಡಿದರೆ ಫಿಲ್ಟರನ್ನು 30ರ ಸುತ್ತ ಇಡು. ಇದು ಗೊತ್ತಿಲ್ಲದೆ ನಾನು ಒಂದು ಹೊಸ ವೂಫರನ್ನು ಎರಡೇ ವಾರದಲ್ಲಿ ಹರಿದುಕೊಂಡೆ.

ಬ್ಯಾಟರಿಯಿಂದ ತಂತಿ ಎಳೆಯುವಾಗ ಬ್ಯಾಟರಿಯ ಒಂದೂವರೆ ಅಡಿಯೊಳಗೇ ಫ್ಯೂಸ್ ಇರಲಿ. ತಂತಿ ಎಲ್ಲಾದರೂ ಉಜ್ಜಿ ತಗಡಿಗೆ ತಾಗಿದರೆ ಬೆಂಕಿ ಹತ್ತುವುದನ್ನು ತಡೆಯುವುದು ಅದೊಂದೇ. ಪೆಟ್ಟಿಗೆಯನ್ನು ಬೋಲ್ಟ್ ಹಾಕಿ ಬಿಗಿಯಲೇಬೇಕು. ಹದಿನೈದಿಪ್ಪತ್ತು ಕಿಲೋ ಭಾರ ಅದು. ಖಂಬಾಟಕಿ ಘಾಟ್ ಇಳಿಯುವಾಗ ಗಕ್ಕನೆ ಬ್ರೇಕ್ ಹಾಕಿದರೆ ಹಿಂದಿನ ಸೀಟಿನಲ್ಲಿ ಕೂತವರ ಬೆನ್ನಿಗೇ ಬರುತ್ತದೆ, ಊರಿಗೆ ಹೋಗುವಾಗ ಅಲ್ಲಿ ಕೂರುವವಳು ನಮ್ಮಕ್ಕ. ಜ್ಯಾಕು, ಪಾನಾ ಸೀಟಿನ ಹಿಂದೆ ಇದ್ದರೆ ಅವು ಕೈಗೆ ಸಿಗುವಂತಿರಲಿ, ಹಿಂಗೋಡೆಯಲ್ಲಿ ಗಾಳಿ ಹೋಗುವ ಕಿಂಡಿ ಇದ್ದರೆ ಮುಚ್ಚಬೇಡ.

ಶನಿವಾರ ಗಲ್ಲಿಗೆ ಹೋಗು, ಬೇಡ ಅನ್ನುವುದಿಲ್ಲ, ಆದರೆ ಕಾಗದಗಳ ಫೋಟೋ ಮಾತ್ರ ತಗೊಂಡು ಬಾ. ಭಾನುವಾರ ಬೆಳಿಗ್ಗೆ ಫ್ರಿಜ್ಜಿನ ಹಳೇ ರಟ್ಟಿನ ಡಬ್ಬ ಒಂದು ಗಾಡಿಯಲ್ಲಿ ಹಾಕಿಕೊಂಡು ಬಂದುಬಿಡು. ರಟ್ಟಿನಲ್ಲೇ ಪೆಟ್ಟಿಗೆ ಕತ್ತರಿಸಿ ಸಂದಿಯಲ್ಲಿ ಕೂರಿಸಿ, ಸೀಟು ಹಿಂದಕ್ಕೆ ಒತ್ತಿ ಲಾಕ್ ಬೀಳುತ್ತದಾ ನೋಡೋಣ. ನಿಮ್ಮತ್ತೆ ಜೋಳದ ರೊಟ್ಟಿ ಮಾಡುತ್ತಾಳಂತೆ, ಊಟಕ್ಕೆ ಇಲ್ಲೇ ಇರು.

ನಿನ್ನ ಮಾವ